ನಾಳಿನ ಶಿಕ್ಷಕರ ಅಧ್ಯಯನಕ್ಕೆ ಓದುಗರನ್ನು ಕೊಡಿ

ಗೆ,
ನಿರ್ದೇಶಕರು,
ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ,
ಬೆಂಗಳೂರು

ಮಾನ್ಯ ನಿರ್ದೇಶಕರೇ,

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು ನಾನು. ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಎಲ್.ಇಡಿ.ಯ ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್‌ಗೆಂದು ನಮ್ಮ ಶಾಲೆಗೆ ಬರುತ್ತಿದ್ದರು. ಪಾಠ ಮಾಡುತ್ತಿದ್ದರು, ಪಾಠೋಪಕರಣ ತಯಾರಿಸುತ್ತಿದ್ದರು, ಪ್ರಾರ್ಥನೆ ನಡೆಸುತ್ತಿದ್ದರು, ಬಿಸಿಯೂಟ ಬಡಿಸುತ್ತಿದ್ದರು. ಹೊರಡುವ ಮುನ್ನ ಒಂದು ಕ್ರಿಯಾ ಸಂಶೋಧನೆಯ ವರದಿಯನ್ನು ತಂದು ನನ್ನ ಸಹಿ, ಶಾಲೆಯ ಮೊಹರು ಹಾಕಿಸಿಕೊಂಡು ಹೋಗುತ್ತಿದ್ದರು. ಆ ವರದಿಯ ವಿಷಯವಾಗಿಯೇ ತಮ್ಮಲ್ಲಿ ಅರಿಕೆ ಮಾಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯಲು ಕಾರಣವಿದೆ. ನಾನು ಕೇಳುತ್ತಿರುವುದು ತಮ್ಮ ಕಚೇರಿಯ ಒಂದು ಸುತ್ತೋಲೆಯಿಂದಷ್ಟೇ ಆಗುವ ಕೆಲಸವಲ್ಲ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ (ಡಯಟ್) ಉಪನ್ಯಾಸಕರು, ಖಾಸಗಿ ಕಾಲೇಜುಗಳ ಪ್ರಾಂಶುಪಾಲರು, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ), ಶಾಲೆಗಳಲ್ಲಿರುವ ನನ್ನಂಥವರು ಎಲ್ಲರೂ ಇದನ್ನು ತಮ್ಮದೆಂದುಕೊಳ್ಳಬೇಕು.

ನನ್ನ ಮನವಿ ಇಷ್ಟೇ. ಪ್ರಾಥಮಿಕ ಶಾಲೆಯ ಶಿಕ್ಷಕರಾಗಲು ಹೊರಟ ಪ್ರತಿಯೊಬ್ಬರೂ ತರಬೇತಿ ಮುಗಿಸುವುದರೊಳಗೆ ಮಕ್ಕಳ ಕಲಿಕೆಯ ಬಗ್ಗೆ ಒಂದು ನಿಜವಾದ ಅಧ್ಯಯನ ಮಾಡಬೇಕು. ಆ ಅಧ್ಯಯನವನ್ನು ಯಾರಾದರೂ ಓದಬೇಕು.

ಈಗ ಬರುವ ವರದಿಗಳ ಅಚ್ಚು ತಮಗೆ ಗೊತ್ತೇ ಇದೆ. ಸಮಸ್ಯೆಯ ಆಯ್ಕೆ, ಸಂಭವನೀಯ ಕಾರಣಗಳು, ಕ್ರಿಯಾ ಪ್ರಾಕ್ಕಲ್ಪನೆ, ಪೂರ್ವ ಪರೀಕ್ಷೆ, ಕ್ರಿಯಾ ಯೋಜನೆ, ಉತ್ತರ ಪರೀಕ್ಷೆ, ಫಲಿತಾಂಶ, ಉಪಸಂಹಾರ. ವಿಷಯಗಳೂ ಹೆಚ್ಚುಕಡಿಮೆ ನಿಗದಿಯಾಗಿಬಿಟ್ಟಿವೆ: ಐದನೇ ತರಗತಿಯ ಮಕ್ಕಳ ಕಾಗುಣಿತ ದೋಷಗಳು ಮತ್ತು ಪರಿಹಾರ, ನಾಲ್ಕನೇ ತರಗತಿಯಲ್ಲಿ ಮಗ್ಗಿ ಕಲಿಯಲು ಇರುವ ತೊಡಕುಗಳು ಮತ್ತು ಪರಿಹಾರ, ಗೈರುಹಾಜರಿ ಮತ್ತು ಪರಿಹಾರ. ಪೂರ್ವ ಪರೀಕ್ಷೆಯಲ್ಲಿ ಮಕ್ಕಳ ಅಂಕ ಕಡಿಮೆ ಇರುತ್ತದೆ. ಮಿಂಚುಪಟ್ಟಿ ತೋರಿಸಿ ಪರಿಹಾರ ಬೋಧನೆ ಆಗುತ್ತದೆ. ಉತ್ತರ ಪರೀಕ್ಷೆಯಲ್ಲಿ ಅಂಕ ಏರುತ್ತದೆ. ಬಣ್ಣದ ಪೆನ್ನಿನಲ್ಲಿ ಒಂದು ಸ್ತಂಭಾಲೇಖ, ಕೊನೆಗೆ ಮಾರ್ಗದರ್ಶಕರಿಗೆ ಕೃತಜ್ಞತೆ. ‘ನಾನು ಮಾಡಿದ್ದು ಫಲ ಕೊಡಲಿಲ್ಲ’ ಎಂದು ಹೇಳುವ ವರದಿ ನನ್ನ ಮೇಜಿಗೆ ಬಂದದ್ದು ತೀರಾ ಅಪರೂಪ. ಮಕ್ಕಳ ನಡುವೆ ಬದುಕಿದವರಿಗೆ ಗೊತ್ತು, ಎರಡು ವಾರದ ಪಾಠದಿಂದ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಸುಧಾರಿಸುವುದಿಲ್ಲ. ಹಾಗಾಗಿ ಎಲ್ಲವೂ ಯಶಸ್ವಿಯಾಗುವ ಈ ವರದಿಗಳು ಆ ಶಾಲೆಯ ಬಗ್ಗೆ, ಆ ಮಕ್ಕಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಿಂದಿನ ವರ್ಷದವರ ವರದಿಯಲ್ಲಿ ಶಾಲೆಯ ಹೆಸರು ಬದಲಿಸಿ ಡಿಟಿಪಿ ಅಂಗಡಿಯಲ್ಲಿ ಮುದ್ರಿಸಿ ಸ್ಪೈರಲ್ ಬೈಂಡ್ ಮಾಡಿಸುವುದೂ ಉಂಟು.

ಇದನ್ನು ಪ್ರಶಿಕ್ಷಣಾರ್ಥಿಗಳ ಸೋಮಾರಿತನ ಎಂದು ನಾನು ಒಪ್ಪುವುದಿಲ್ಲ. ಪಿಯುಸಿ ಮುಗಿಸಿ ಬಂದ ಆ ಹುಡುಗ ಹುಡುಗಿಯರು ಪಾಠಯೋಜನೆ, ರೆಕಾರ್ಡ್, ಚಾರ್ಟು ಎಂದು ರಾತ್ರಿ ಬಹಳ ಹೊತ್ತು ಕೂತು ಬರೆಯುವುದನ್ನು ನೋಡಿದ್ದೇನೆ. ಅವರು ಬರೆಯುತ್ತಾರೆ, ಬರೆದದ್ದನ್ನು ಯಾರೂ ಓದುವುದಿಲ್ಲ. ಆಂತರಿಕ ಅಂಕ ಬಿದ್ದ ಮೇಲೆ ವರದಿ ಕಾಲೇಜಿನ ಬೀರುವಿಗೆ ಹೋಗುತ್ತದೆ. ಯಾವ ಶಾಲೆಯ ಮಕ್ಕಳ ಬಗ್ಗೆ ಬರೆದರೋ ಆ ಶಾಲೆಗೆ ಒಂದು ಪ್ರತಿಯೂ ಬರುವುದಿಲ್ಲ. ಓದುವವರಿಲ್ಲ ಎಂದು ಗೊತ್ತಿದ್ದರೆ ಯಾರು ತಾನೇ ಮನಸ್ಸಿಟ್ಟು ಬರೆಯುತ್ತಾರೆ?

ನಿಜವಾದ ಅಧ್ಯಯನ ಎಂದರೆ ನನ್ನ ಮನಸ್ಸಿನಲ್ಲಿರುವುದೇನು ಎಂಬುದನ್ನು ಒಂದು ಉದಾಹರಣೆಯಿಂದಲೇ ಹೇಳುತ್ತೇನೆ.

ನಮ್ಮಲ್ಲಿಗೆ ಬಂದಿದ್ದ ಒಬ್ಬ ಹುಡುಗಿ ನಾಲ್ಕನೇ ತರಗತಿಯ ಗಣಿತದ ಪುಸ್ತಕಗಳನ್ನು ತಿದ್ದುತ್ತಿದ್ದಳು. ಲೆಕ್ಕ 403ರಲ್ಲಿ 158 ಕಳೆಯುವುದು. ಸರಿಯುತ್ತರ 245. ತಪ್ಪು ಮಾಡಿದ ಮಕ್ಕಳ ಪುಸ್ತಕಗಳನ್ನು ಆಕೆ ಬೇರೆ ಇಟ್ಟಳು. ನೋಡಿದರೆ ತಪ್ಪು ಉತ್ತರಗಳೂ ಬೇಕಾಬಿಟ್ಟಿಯಾಗಿರಲಿಲ್ಲ. ಕೆಲವರು 355 ಬರೆದಿದ್ದರು, ಕೆಲವರು 255, ಒಂದಿಬ್ಬರು 205. ಆಕೆ ಕೆಂಪು ಗೀಟು ಎಳೆದು ಮುಂದಕ್ಕೆ ಹೋಗಲಿಲ್ಲ. ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ‘ಹೇಗೆ ಮಾಡಿದೆ, ನನಗೆ ಹೇಳಿಕೊಡು’ ಎಂದು ಕೇಳಿದಳು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡಳು.

355 ಬರೆದವನು ಹೇಳಿದ: ‘ಮೂರರಲ್ಲಿ ಎಂಟು ಹೋಗಲ್ಲ ಮಿಸ್, ಅದಕ್ಕೇ ಎಂಟರಲ್ಲಿ ಮೂರು ಕಳೆದೆ.’ ಅವನಿಗೆ ಕಳೆಯುವುದೆಂದರೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ತೆಗೆಯುವುದು. ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂಬುದು ಲೆಕ್ಕಕ್ಕೇ ಇಲ್ಲ. 255 ಬರೆದವಳು ನೂರರ ಸ್ಥಾನದಿಂದ ಒಂದನ್ನು ತಂದಿದ್ದಳು, ಸೊನ್ನೆಯನ್ನು ಹತ್ತು ಮಾಡಿದ್ದಳು, ಬಿಡಿಯ ಮೂರನ್ನು ಹದಿಮೂರು ಮಾಡಿದ್ದಳು. ಆದರೆ ಹದಿಮೂರು ಮಾಡಲು ಆ ಹತ್ತರಿಂದಲೇ ಒಂದು ಹೋಗಿದೆ, ಅಲ್ಲಿ ಒಂಬತ್ತೇ ಉಳಿದಿದೆ ಎಂಬುದನ್ನು ಮರೆತಿದ್ದಳು. ಅವಳಿಗೆ ವಿಧಾನ ಗೊತ್ತು, ಒಂದು ಹೆಜ್ಜೆ ತಪ್ಪಿದೆ. 205 ಬರೆದವನ ಯೋಚನೆ ಬೇರೆಯದೇ. ಬಿಡಿಗೆ ಬೇಕಾದ ಹತ್ತನ್ನು ಅವನು ನೇರ ನೂರರಿಂದ ತಂದಿದ್ದ, ನಡುವಿನ ಸೊನ್ನೆಯಲ್ಲಿ ಐದನ್ನು ಕಳೆಯುವಾಗ ಮತ್ತೆ ಸೊನ್ನೆಯನ್ನೇ ಬರೆದಿದ್ದ. ‘ಸೊನ್ನೆ ಅಂದ್ರೆ ಏನೂ ಇಲ್ಲ, ಏನೂ ಇಲ್ದೇ ಇರೋದ್ರಲ್ಲಿ ಏನು ಕಳೆಯೋದು?’ ಎಂದು ಅವನೇ ಆ ಪ್ರಶಿಕ್ಷಣಾರ್ಥಿಯನ್ನು ಕೇಳಿದ.

ಮೂರೂ ಉತ್ತರ ತಪ್ಪು. ಮೂವರಿಗೂ ಬೇಕಾದ ಸಹಾಯ ಒಂದೇ ಅಲ್ಲ. ‘ಕಳೆಯುವ ಲೆಕ್ಕದಲ್ಲಿ ಹಿಂದುಳಿದವರು’ ಎಂದು ಒಟ್ಟಿಗೆ ಕೂರಿಸಿ ಅದೇ ಲೆಕ್ಕವನ್ನು ಇನ್ನೊಮ್ಮೆ ಕರಿಹಲಗೆಯ ಮೇಲೆ ಮಾಡಿ ತೋರಿಸಿದರೆ 255 ಬರೆದವಳಿಗೆ ಉಪಯೋಗವಾದೀತು, ಉಳಿದಿಬ್ಬರಿಗೆ ಆಗುವುದಿಲ್ಲ. ಆ ಪ್ರಶಿಕ್ಷಣಾರ್ಥಿ ಶಾಲೆಯ ಗಣಿತ ಕಿಟ್ಟಿನಲ್ಲಿದ್ದ ಆಟದ ನೋಟುಗಳನ್ನು ತೆಗೆದಳು. ನೂರರ ನಾಲ್ಕು ನೋಟು, ಒಂದು ರೂಪಾಯಿಯ ಮೂರು ನಾಣ್ಯ ಕೊಟ್ಟು, ‘ಇದರಲ್ಲಿ ನೂರೈವತ್ತೆಂಟು ರೂಪಾಯಿ ಕೊಡು’ ಎಂದಳು. ಸೊನ್ನೆಯ ಪ್ರಶ್ನೆ ಕೇಳಿದ್ದ ಹುಡುಗ ಸಂತೆಯಲ್ಲಿ ತರಕಾರಿ ಮಾರುವ ಅಮ್ಮನ ಜೊತೆ ಕೂರುವವನು. ಅವನು ಚಿಲ್ಲರೆ ಮಾಡಿಸಿಕೊಂಡು, ಲೆಕ್ಕ ಒಪ್ಪಿಸಿ, ಇನ್ನೂರ ನಲವತ್ತೈದು ಉಳಿಯಿತು ಎಂದ. ಅದೇ ಲೆಕ್ಕವನ್ನು ಸ್ಲೇಟಿನ ಮೇಲೆ ಮಾಡೆಂದರೆ ಮತ್ತೆ 205. ಕೈಯಲ್ಲಿ ಇರುವ ಅರಿವು ಬರಹಕ್ಕೆ ಇಳಿದಿಲ್ಲ; ಅಲ್ಲಿಂದಲೇ ಪಾಠ ಶುರುವಾಗಬೇಕು ಎಂದು ಆಕೆಗೆ ತಿಳಿಯಿತು. ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಹೆಚ್ಚಿನ ಮಕ್ಕಳು ಸುಧಾರಿಸಿದ್ದರು. 355ರ ಹುಡುಗ ಮಾತ್ರ ಹಾಗೆಯೇ ಇದ್ದ. ಅದನ್ನು ಆಕೆ ಮುಚ್ಚಿಡದೆ ಬರೆದಳು. ‘ಇವನಿಗೆ ಸ್ಥಾನಬೆಲೆಯೇ ಬಂದಿಲ್ಲ, ಎರಡನೇ ತರಗತಿಯ ಕಟ್ಟು–ಬಿಡಿ ಕಡ್ಡಿಗಳಿಂದ ಮತ್ತೆ ಆರಂಭಿಸಬೇಕು’ ಎಂದು ಮುಂದಿನ ಶಿಕ್ಷಕರಿಗೆ ಸೂಚನೆಯನ್ನೂ ಬರೆದಿಟ್ಟಳು. ನಾವು ಹಾಗೆಯೇ ಮಾಡಿದೆವು. ನಾನು ಸಹಿ ಹಾಕಿದ ವರದಿಗಳಲ್ಲಿ ಶಾಲೆಗೆ ಉಪಯೋಗಕ್ಕೆ ಬಂದ ವರದಿ ಅದು. ಆದರೆ ಸೋಲನ್ನು ಬರೆದದ್ದರಿಂದ ಅಂಕ ಕಡಿಮೆಯಾಗಬಹುದೆಂಬ ಹೆದರಿಕೆ ಕೊನೆಯ ದಿನದವರೆಗೂ ಆಕೆಯನ್ನು ಬಿಟ್ಟಿರಲಿಲ್ಲ.

ಇಷ್ಟೇ ಸಂಶೋಧನೆ ಸಾಕೇ ಎಂದು ಕೇಳುವವರಿದ್ದಾರೆ. ಸಾಕು ಎನ್ನುತ್ತೇನೆ. ಒಂದು ತರಗತಿ, ಒಂದು ಪ್ರಶ್ನೆ, ಮಕ್ಕಳ ಮಾತು, ಮಕ್ಕಳ ಪುಸ್ತಕದ ಹಾಳೆಗಳು, ಪ್ರಾಮಾಣಿಕವಾದ ತೀರ್ಮಾನ. ಪ್ರಾಥಮಿಕ ಶಿಕ್ಷಕರಾಗುವವರಿಗೆ ಇದಕ್ಕಿಂತ ದೊಡ್ಡ ವಿದ್ಯೆ ಬೇರೆ ಇಲ್ಲ. ಮಗುವಿನ ತಪ್ಪಿನ ಹಿಂದೆ ಒಂದು ಯೋಚನೆ ಇರುತ್ತದೆ, ಅದನ್ನು ಕೇಳಿ ತಿಳಿದುಕೊಳ್ಳಬಹುದು ಎಂಬುದನ್ನು ಒಮ್ಮೆ ಕಂಡುಕೊಂಡವರು ಮುಂದೆ ಸುಮ್ಮನೆ ಕೆಂಪು ಗೀಟು ಎಳೆಯಲಾರರು.

ಇಂಥ ಪ್ರಶ್ನೆಗಳಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಲಂಬಾಣಿ ತಾಂಡಾದ ಮಗು ಮನೆಯಲ್ಲಿ ನೀರಿಗೆ ‘ಪಾಣಿ’, ರೊಟ್ಟಿಗೆ ‘ಬಾಟಿ’ ಎನ್ನುತ್ತದೆ; ಒಂದನೇ ತರಗತಿಯ ಚಿತ್ರಗಳನ್ನು ನೋಡಿ ಅದು ಯಾವ ಭಾಷೆಯಲ್ಲಿ ಯೋಚಿಸುತ್ತದೆ? ಕೋಲಾರದ ಗಡಿಯ ತೆಲುಗು ಮನೆಗಳ ಮಕ್ಕಳು, ಬೆಳಗಾವಿಯ ಮರಾಠಿ ಮನೆಗಳ ಮಕ್ಕಳು, ಕರಾವಳಿಯ ತುಳು, ಬ್ಯಾರಿ, ಕೊಂಕಣಿ ಮನೆಗಳ ಮಕ್ಕಳು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳು ಕನ್ನಡ ಓದಲು ಕಲಿಯುವಾಗ ಎಡವುವ ಜಾಗಗಳು ಒಂದೇ ಆಗಿರಲು ಸಾಧ್ಯವಿಲ್ಲ. ಮಹಾಪ್ರಾಣವನ್ನು ಮಾತಿನಲ್ಲಿ ಆಡದ ಮಗು ಬರಹದಲ್ಲಿ ಅದನ್ನು ಹೇಗೆ ಗುರುತಿಸುತ್ತದೆ? ಒತ್ತಕ್ಷರ ಬಂದ ಕೂಡಲೇ ಓದು ಏಕೆ ನಿಲ್ಲುತ್ತದೆ? ರಾಯಚೂರು, ಯಾದಗಿರಿ, ಕಲಬುರಗಿಯ ಕಡೆ ಗುಳೆ ಹೋದ ಅಪ್ಪ ಅಮ್ಮನ ಜೊತೆ ತಿಂಗಳುಗಟ್ಟಲೆ ಶಾಲೆ ಬಿಟ್ಟ ಮಗು ಮರಳಿ ಬಂದಾಗ ಅದರ ಬಳಿ ಏನು ಉಳಿದಿರುತ್ತದೆ, ಏನು ಕಳೆದಿರುತ್ತದೆ, ಊರೂರು ತಿರುಗುವಾಗ ಅದು ಹೊಸದಾಗಿ ಏನನ್ನು ಕಲಿತಿರುತ್ತದೆ? ಒಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ಶಿಕ್ಷಕರು ಐದನೇ ತರಗತಿಗೆ ಪಾಠ ಮಾಡುವಾಗ, ಎರಡನೇ ತರಗತಿಯ ಮಕ್ಕಳು ಏನು ಮಾಡುತ್ತಿರುತ್ತಾರೆ? ಇವಕ್ಕೆಲ್ಲ ಉತ್ತರ ಬೆಂಗಳೂರಿನಲ್ಲಿ ಕೂತು ಸಿಗುವುದಿಲ್ಲ. 2005ರಿಂದ ಅಸರ್ ಸಮೀಕ್ಷೆಯ ವರದಿಗಳು ಎಷ್ಟು ಮಕ್ಕಳು ಎರಡನೇ ತರಗತಿಯ ಪಠ್ಯ ಓದಬಲ್ಲರು ಎಂದು ಲೆಕ್ಕ ಕೊಡುತ್ತಾ ಬಂದಿವೆ. ಆ ಲೆಕ್ಕ ಬೇಕು. ಆದರೆ ಓದಲಾರದ ಆ ಒಂದು ಮಗು ಯಾವ ಅಕ್ಷರದ ಬಳಿ, ಯಾಕೆ ನಿಂತಿದೆ ಎಂಬುದನ್ನು ಅದರ ಪಕ್ಕದಲ್ಲಿ ಕೂತವರು ಮಾತ್ರ ಹೇಳಬಲ್ಲರು. ಪ್ರತಿವರ್ಷ ರಾಜ್ಯದ ಉದ್ದಗಲಕ್ಕೂ ಪ್ರಶಿಕ್ಷಣಾರ್ಥಿಗಳು ಹಾಗೆ ಪಕ್ಕದಲ್ಲಿ ಕೂರುತ್ತಿದ್ದಾರೆ. ಅವರು ಕಂಡದ್ದನ್ನು ನಾವು ಕೇಳಿಸಿಕೊಳ್ಳುತ್ತಿಲ್ಲ.

ಪ್ರಾಥಮಿಕ ಶಿಕ್ಷಕರಿಂದ ಜ್ಞಾನ ಹುಟ್ಟುತ್ತದೆ ಎನ್ನಲು ನಾವು ಹೊರನಾಡಿಗೆ ಹೋಗಬೇಕಿಲ್ಲ. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ–ಕಲಿ ಎಂಬ ಕಲಿಕಾ ಪದ್ಧತಿ ಆರಂಭವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿಶಾಲೆಗಳ ಕಾರ್ಡು ಪದ್ಧತಿಯನ್ನು ನೋಡಿ ಬಂದರು. ಬಂದು, ನಮ್ಮ ಭಾಷೆಗೆ, ನಮ್ಮ ಪಠ್ಯಕ್ಕೆ ಒಗ್ಗುವಂತೆ ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ರೂಪಿಸಲು ತಾವೇ ಕೂತರು. ನಲಿ–ಕಲಿಯಲ್ಲಿ ಅಕ್ಷರಗಳು ಅ, ಆ, ಇ, ಈ ಎಂದು ಸಾಲಾಗಿ ಬರುವುದಿಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತವೆ. ಈ ಐದೇ ಅಕ್ಷರ ಕಲಿತ ಮಗು ಸರ, ಅರಸ, ದಸರ, ಗರಗಸ ಎಂದು ಅರ್ಥವಿರುವ ಪದಗಳನ್ನು ಓದಬಲ್ಲದು. ಮಗು ಹೇಗೆ ಕಲಿಯುತ್ತದೆ ಎಂದು ಗಮನಿಸದೆ ಇಂಥ ಕ್ರಮ ಹೊಳೆಯುವುದಿಲ್ಲ. 2009–10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಒಂದು ತಾಲ್ಲೂಕಿನ ಶಿಕ್ಷಕರ ಗಮನಿಕೆ ಇಡೀ ರಾಜ್ಯದ ಪದ್ಧತಿಯಾದ ಬಗೆ ಇದು. ಅಂಥ ಗಮನಿಕೆಯ ಅಭ್ಯಾಸವನ್ನು ತರಬೇತಿಯ ಹಂತದಲ್ಲೇ ಬೆಳೆಸಿದರೆ ಇನ್ನೆಷ್ಟು ತಾಲ್ಲೂಕುಗಳಿಂದ ಇನ್ನೆಷ್ಟು ಬಂದೀತು!

ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ವನ್ನು ನಮ್ಮ ಶಿಕ್ಷಕರಲ್ಲಿ ಅನೇಕರು ಬಲ್ಲರು. ಅದರ ಕಥಾನಾಯಕ ನಾಲ್ಕನೇ ತರಗತಿಯೊಂದನ್ನು ಪ್ರಯೋಗಕ್ಕೆಂದೇ ಅಧಿಕಾರಿಯಿಂದ ಕೇಳಿ ಪಡೆಯುತ್ತಾನೆ. ಮೊದಲ ದಿನವೇ ಅವನ ಯೋಜನೆ ತಲೆಕೆಳಗಾಗುತ್ತದೆ. ಆ ಸೋಲಿನಿಂದ ಅವನು ಮರುದಿನದ ಪಾಠವನ್ನು ಬದಲಿಸಿಕೊಳ್ಳುತ್ತಾನೆ. ಈಗಿನ ವರದಿಯ ಅಚ್ಚಿಗೆ ಅವನನ್ನು ಇಳಿಸಿದ್ದರೆ ಆ ಮೊದಲ ದಿನವನ್ನು ಅವನು ಬರೆಯುತ್ತಲೇ ಇರಲಿಲ್ಲ.

ಬೇರೆಡೆಯ ಅನುಭವವನ್ನೂ ತಮ್ಮ ಗಮನಕ್ಕೆ ತರುತ್ತೇನೆ. ಫಿನ್ಲೆಂಡಿನಲ್ಲಿ 1979ರಿಂದ ಪ್ರಾಥಮಿಕ ತರಗತಿಗಳ ಶಿಕ್ಷಕರಿಗೂ ಸ್ನಾತಕೋತ್ತರ ಪದವಿ ಬೇಕು. ಆ ಪದವಿಗಾಗಿ ಪ್ರತಿಯೊಬ್ಬರೂ ಸಂಶೋಧನಾ ಪ್ರಬಂಧ ಬರೆಯುತ್ತಾರೆ. ನಮ್ಮ ದೇಶದಲ್ಲೇ ದೆಹಲಿ ವಿಶ್ವವಿದ್ಯಾಲಯ 1994ರಲ್ಲಿ ಆರಂಭಿಸಿದ ನಾಲ್ಕು ವರ್ಷದ ಬಿ.ಎಲ್.ಎಡ್. ಪದವಿಯಲ್ಲಿ ಕೊನೆಯ ವರ್ಷ ದೀರ್ಘ ಇಂಟರ್ನ್‌ಶಿಪ್ ಜೊತೆಗೆ ಅಧ್ಯಯನ ಯೋಜನೆಯೂ ಇತ್ತು. ಯುಜಿಸಿ 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ನಾಲ್ಕು ವರ್ಷದ ಪದವಿಯ ಚೌಕಟ್ಟಿನಲ್ಲಿ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಂಕ ಪಡೆದವರಿಗೆ ಸಂಶೋಧನೆಯೊಂದಿಗಿನ ಆನರ್ಸ್ ಪದವಿ, ಅದಕ್ಕೆ 12 ಕ್ರೆಡಿಟ್‌ಗಳ ಪ್ರಬಂಧ ಎಂದಿದೆ. ನಮ್ಮ ರಾಜ್ಯ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಆ ಚರ್ಚೆಗೆ ನಾನು ಹೋಗುವುದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಯನ್ನು ಹೆಚ್ಚು ಅಂಕ ಪಡೆದವರಿಗೆ ಕೊಡುವ ಗೌರವದಂತೆ ಕಾಣುತ್ತಾರೆ. ಪ್ರಾಥಮಿಕ ಶಿಕ್ಷಣದಲ್ಲಿ ಹಾಗೆ ಆಗಬಾರದು. ತರಗತಿಯಲ್ಲಿ ಮೊದಲ ಸ್ಥಾನ ಬಂದ ಪ್ರಶಿಕ್ಷಣಾರ್ಥಿಗೂ ಕಷ್ಟಪಟ್ಟು ಪಾಸಾದವರಿಗೂ ಮುಂದೆ ಒಂದೊಂದು ತರಗತಿ ಸಿಗುತ್ತದೆ. ಎಲ್ಲ ಮಕ್ಕಳಿಗೂ ಗಮನಿಸುವ ಶಿಕ್ಷಕರು ಬೇಕಾದರೆ ಈ ಅಧ್ಯಯನ ಎಲ್ಲ ಪ್ರಶಿಕ್ಷಣಾರ್ಥಿಗಳಿಗೂ ಬೇಕು.

ಇದಕ್ಕೆ ಕಾಲವೂ ಕೂಡಿಬಂದಿದೆ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, 1ರಿಂದ 5ನೇ ತರಗತಿಯ ಶಿಕ್ಷಕ ಹುದ್ದೆಗೆ ಬಿ.ಎಡ್. ಅರ್ಹತೆಯಾಗದು ಎಂದು ತೀರ್ಪು ಕೊಟ್ಟಿತು. ಚಿಕ್ಕ ಮಕ್ಕಳಿಗೆ ಕಲಿಸಲು ಬೇಕಾದ ತರಬೇತಿಯೇ ಬೇರೆ ಎಂಬುದನ್ನು ದೇಶದ ಅತ್ಯುನ್ನತ ನ್ಯಾಯಾಲಯ ಎತ್ತಿಹಿಡಿದಂತಾಯಿತು. ಡಿ.ಎಲ್.ಇಡಿ.ಗೆ ಅದು ಮತ್ತೆ ಬೆಲೆ ತಂದಿದೆ. ನಾಲ್ಕು ವರ್ಷದ ಸಂಯೋಜಿತ ಶಿಕ್ಷಕ ಪದವಿಯೂ 2023–24ರಿಂದ ದೇಶದಲ್ಲಿ ಆರಂಭವಾಗಿದೆ. ನಮ್ಮ ರಾಜ್ಯದ ಶಿಕ್ಷಣ ನೀತಿ ಆಯೋಗವೂ 2025ರಲ್ಲಿ ವರದಿ ಒಪ್ಪಿಸಿದೆ. ಶಿಕ್ಷಕರ ತರಬೇತಿ ಮುಂದೆ ಯಾವ ರೂಪ ಪಡೆದರೂ ಅದರ ಕೊನೆಯ ವರ್ಷದಲ್ಲಿ ಏನಿರಬೇಕು ಎಂದು ತೀರ್ಮಾನಿಸುವಾಗ ತಮ್ಮ ಇಲಾಖೆಯ ಮಾತಿಗೆ ತೂಕವಿದೆ.

ನನ್ನ ಮನವಿಗಳನ್ನು ಒಂದೊಂದಾಗಿ ಮುಂದಿಡುತ್ತೇನೆ.

ಮೊದಲನೆಯದು ಸಮಯ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) 2014ರ ನಿಯಮಾವಳಿ ಎರಡು ವರ್ಷದ ತರಬೇತಿಯಲ್ಲಿ ಶಾಲಾ ಇಂಟರ್ನ್‌ಶಿಪ್‌ಗೆ 20 ವಾರಗಳನ್ನು ಕೊಟ್ಟಿದೆ. ಅಧ್ಯಯನ ಇಂಟರ್ನ್‌ಶಿಪ್‌ನ ಕೊನೆಯ ಹದಿನೈದು ದಿನದ ಕೆಲಸ ಆಗಬಾರದು. ಮೊದಲ ವರ್ಷ ಶಾಲೆಗೆ ಹೋದಾಗ ಪ್ರಶಿಕ್ಷಣಾರ್ಥಿ ಬರೀ ನೋಡಲಿ, ಒಂದು ಪ್ರಶ್ನೆಯನ್ನು ಹುಡುಕಲಿ. ಎರಡನೇ ವರ್ಷ, ಸಾಧ್ಯವಾದಷ್ಟೂ ಅದೇ ಶಾಲೆಗೆ ಮರಳಿ, ಆ ಪ್ರಶ್ನೆಯ ಬೆನ್ನು ಹತ್ತಲಿ.

ಎರಡನೆಯದು ಅಚ್ಚು. ಪೂರ್ವ ಪರೀಕ್ಷೆ, ಉತ್ತರ ಪರೀಕ್ಷೆ, ಸ್ತಂಭಾಲೇಖಗಳನ್ನು ಎಲ್ಲರಿಗೂ ಕಡ್ಡಾಯ ಮಾಡುವುದು ನಿಲ್ಲಬೇಕು. ಒಂದು ಮಗುವಿನ ಓದಿನ ದಿನಚರಿ, ಒಂದು ತಪ್ಪಿನ ವಿಶ್ಲೇಷಣೆ, ಪಠ್ಯದ ಒಂದು ಪಾಠ ಮಕ್ಕಳಿಗೆ ಅರ್ಥವಾದ ಬಗೆ, ಊರಿನ ಮಕ್ಕಳ ಆಟಗಳಲ್ಲಿರುವ ಗಣಿತ, ಎಲ್ಲಕ್ಕೂ ಅವಕಾಶವಿರಲಿ. ಮಾಡಿದ ಪ್ರಯತ್ನ ಫಲಿಸಲಿಲ್ಲ ಎಂದು ಕಾರಣಸಹಿತ ಬರೆದವರಿಗೆ ಒಂದು ಅಂಕವೂ ಕಡಿಮೆಯಾಗಬಾರದು ಎಂದು ಮೌಲ್ಯಮಾಪನದ ಸೂಚನೆಯಲ್ಲೇ ಸ್ಪಷ್ಟವಾಗಿ ಬರೆಯಿರಿ. ಈ ಒಂದು ವಾಕ್ಯ ಬಹಳ ಸುಳ್ಳುಗಳನ್ನು ತಪ್ಪಿಸುತ್ತದೆ.

ಮೂರನೆಯದು ಮಾರ್ಗದರ್ಶನ. ಪ್ರಶಿಕ್ಷಣಾರ್ಥಿ ಇರುವ ತರಗತಿಯ ಶಿಕ್ಷಕರನ್ನು ಸಹ ಮಾರ್ಗದರ್ಶಕರೆಂದು ಅಧಿಕೃತವಾಗಿ ಹೆಸರಿಸಿ. ಆ ಮಕ್ಕಳನ್ನು ಬಲ್ಲವರು ಅವರೇ. ಈಗ ಅವರ ಪಾಲಿಗಿರುವುದು ಹಾಜರಿಗೆ ಸಹಿ ಮಾಡುವ ಕೆಲಸ. ಕಾಲೇಜಿನ ಮಾರ್ಗದರ್ಶಕರು ಶಾಲೆಗೆ ಬಂದಾಗ ಪಾಠಯೋಜನೆಯ ಜೊತೆ ಅಧ್ಯಯನದ ಟಿಪ್ಪಣಿ ಪುಸ್ತಕವನ್ನೂ ನೋಡಲಿ.

ನಾಲ್ಕನೆಯದು ಓದುಗರು, ಇದನ್ನು ಒತ್ತಿ ಹೇಳುತ್ತೇನೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಒಂದನ್ನು ಪ್ರಶಿಕ್ಷಣಾರ್ಥಿಗಳ ಅಧ್ಯಯನಕ್ಕೆ ಮೀಸಲಿಡಿ. ಸುತ್ತಲಿನ ಶಾಲೆಗಳ ಶಿಕ್ಷಕರ ಎದುರು ಅವರು ತಾವು ಕಂಡದ್ದನ್ನು ಹೇಳಲಿ, ಪ್ರಶ್ನೆಗಳಿಗೆ ಉತ್ತರಿಸಲಿ. ಮೌಖಿಕ ಪರೀಕ್ಷೆ ಅದೇ ಆಗಲಿ. ವರದಿಯ ಒಂದು ಪ್ರತಿ ಆ ಶಾಲೆಯ ದಾಖಲೆಯಾಗಲಿ, ಒಂದು ಪ್ರತಿ ಡಯಟ್‌ನ ಗ್ರಂಥಾಲಯದಲ್ಲಿ ವಿಷಯವಾರು ಜೋಡಿಸಿರಲಿ. ಒಳ್ಳೆಯವನ್ನು ಆರಿಸಿ ಪ್ರಕಟಿಸಲು ಹೊಸ ಪತ್ರಿಕೆಯೂ ಬೇಕಿಲ್ಲ. 19ನೇ ಶತಮಾನದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರ ಕಾಲದಲ್ಲಿ ‘ಮಠಪತ್ರಿಕೆ’ ಎಂದು ಹುಟ್ಟಿ, ಧಾರವಾಡದಿಂದ ‘ಜೀವನ ಶಿಕ್ಷಣ’ವಾಗಿ ಬೆಳೆದುಬಂದ ಶಿಕ್ಷಕರ ಪತ್ರಿಕೆ ನಮ್ಮದೇ ಇದೆ. ಕನ್ನಡದ ಶಿಕ್ಷಕರಿಗೆ ಅಷ್ಟು ಹಳೆಯ ವೇದಿಕೆ ಇರುವಾಗ ನಾಳಿನ ಶಿಕ್ಷಕರ ಬರಹಕ್ಕೆ ಅಲ್ಲಿ ವರ್ಷಕ್ಕೊಂದು ಸಂಚಿಕೆ ಸಿಗುವುದು ನ್ಯಾಯ. ಪಠ್ಯಪುಸ್ತಕ ಪರಿಷ್ಕರಿಸುವವರ ಮೇಜಿಗೂ ಈ ಅಧ್ಯಯನಗಳ ಸಾರ ತಲುಪಲಿ. ಕಳೆಯುವ ಲೆಕ್ಕದ ಪಾಠವನ್ನು ಬರೆಯುವವರಿಗೆ 355, 255, 205ರ ಹಿಂದಿನ ಯೋಚನೆಗಳು ಗೊತ್ತಿರಬೇಕು.

ಐದನೆಯದು ಮಕ್ಕಳ ಮಾನ. ವರದಿಗಳಲ್ಲಿ ಮಕ್ಕಳ ನಿಜ ಹೆಸರು, ಜಾತಿ, ಮನೆಯ ಕಷ್ಟಗಳು ಎಲ್ಲರಿಗೂ ಕಾಣುವಂತೆ ಬರುತ್ತವೆ. ‘ದಡ್ಡ’, ‘ಮಂದಬುದ್ಧಿ’ ಎಂಬ ಮಾತುಗಳೂ ಬರುತ್ತವೆ. ಹೆಸರು ಮರೆಮಾಚುವುದು, ಪೋಷಕರಿಗೆ ತಿಳಿಸುವುದು, ಮಗು ಬೇಡವೆಂದರೆ ಬಿಡುವುದು, ಇವನ್ನು ನಿಯಮವಾಗಿ ಮಾಡಿ. ಮಕ್ಕಳನ್ನು ಗೌರವಿಸಲು ಕಲಿಯುವ ಪಾಠವೂ ಅಲ್ಲೇ ಆಗುತ್ತದೆ.

ಆಕ್ಷೇಪಗಳು ಬರುತ್ತವೆ, ಬರಲಿ. ಹತ್ತೊಂಬತ್ತು, ಇಪ್ಪತ್ತು ವರ್ಷದವರಿಂದ ಸಂಶೋಧನೆ ಆಗುತ್ತದೆಯೇ ಎಂದು ಕೇಳುತ್ತಾರೆ. ನಾನು ಹೇಳಿದ ಅಧ್ಯಯನಕ್ಕೆ ಬೇಕಾದದ್ದು ತಾಳ್ಮೆ, ಕೇಳುವ ಕಿವಿ, ಕಂಡದ್ದನ್ನು ಕಂಡ ಹಾಗೆ ಬರೆಯುವ ಧೈರ್ಯ. ಆ ವಯಸ್ಸಿನವರ ಬಳಿ ಮಕ್ಕಳು ಬಾಯಿ ಬಿಡುವಷ್ಟು ಹಿರಿಯ ಶಿಕ್ಷಕರ ಬಳಿ ಬಿಡುವುದಿಲ್ಲ. ಮಾರ್ಗದರ್ಶಕರು ಎಲ್ಲಿದ್ದಾರೆ ಎಂದು ಕೇಳುತ್ತಾರೆ. ಡಯಟ್‌ಗಳಲ್ಲಿ ಖಾಲಿ ಹುದ್ದೆಗಳಿವೆ, ಅವನ್ನು ತುಂಬಲೇಬೇಕು. ಜೊತೆಗೆ ಇನ್ನೊಂದನ್ನೂ ನೋಡಿ. ಒಂದು ಕಾಲದಲ್ಲಿ ನೂರಾರು ಡಿ.ಎಡ್. (ಈಗಿನ ಡಿ.ಎಲ್.ಇಡಿ.) ಕಾಲೇಜುಗಳು ತುಂಬಿ ತುಳುಕುತ್ತಿದ್ದವು. ಈಗ ಎಷ್ಟೋ ಮುಚ್ಚಿವೆ, ಉಳಿದವುಗಳಲ್ಲಿ ಪ್ರಶಿಕ್ಷಣಾರ್ಥಿಗಳು ಕಡಿಮೆ. ಇದು ದುಃಖದ ಸಂಗತಿ. ಆದರೆ ಒಬ್ಬೊಬ್ಬರ ಮೇಲೂ ಗಮನ ಕೊಡಲು ಇಂಥ ಅವಕಾಶ ಹಿಂದೆ ಇರಲಿಲ್ಲ. ಮನಸ್ಸಿರುವ ನಿವೃತ್ತ ಶಿಕ್ಷಕರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಅವರನ್ನೂ ಕರೆಯಿರಿ. ಇನ್ನು, ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆ ಕ್ಷಣಾರ್ಧದಲ್ಲಿ ವರದಿ ಬರೆದುಕೊಡುವ ಈ ಕಾಲದಲ್ಲಿ ಇದೆಲ್ಲ ಏಕೆ ಎನ್ನುವವರಿದ್ದಾರೆ. ಹಳೆಯ ಅಚ್ಚಿನ ವರದಿಯನ್ನು ಯಂತ್ರ ಖಂಡಿತ ಬರೆದುಕೊಡುತ್ತದೆ. ನಮ್ಮೂರ ನಾಲ್ಕನೇ ತರಗತಿಯ ಹುಡುಗ ಸೊನ್ನೆಯ ಬಗ್ಗೆ ಏನು ಹೇಳಿದ ಎಂಬುದನ್ನು ಅದು ಬರೆಯಲಾರದು. ಆ ತರಗತಿಯ ಶಿಕ್ಷಕರ ಎದುರು ನಿಂತು ಮಾತನಾಡುವಾಗ ಕದ್ದ ವರದಿ ಎರಡು ಪ್ರಶ್ನೆಗೂ ನಿಲ್ಲುವುದಿಲ್ಲ.

ರಾಜ್ಯಕ್ಕೆಲ್ಲ ಒಮ್ಮೆಲೇ ಮಾಡಿ ಎಂದು ನಾನು ಕೇಳುತ್ತಿಲ್ಲ. ಮುಂದಿನ ಶೈಕ್ಷಣಿಕ ವರ್ಷದಲ್ಲಿ ವಿಭಾಗಕ್ಕೊಂದು ಡಯಟ್ ಆರಿಸಿ. ಯರಮರಸ್, ಇಳಕಲ್, ಕೂಡಿಗೆ, ತುಮಕೂರು ಎಂದು ನಾಲ್ಕು ದಿಕ್ಕಿನ ನಾಲ್ಕು ಸಂಸ್ಥೆಗಳಲ್ಲಿ ಎರಡು ವರ್ಷ ನಡೆಸಿ ನೋಡಿ. ಗುಳೆ ಹೋಗುವ ಮಕ್ಕಳ ಸೀಮೆ ಒಂದು, ನೇಕಾರರ ಊರು ಒಂದು, ಕಾಫಿ ತೋಟದ ಕೂಲಿಕಾರರ ಮಕ್ಕಳ ಸೀಮೆ ಒಂದು, ಕಾರ್ಖಾನೆಗಳು ಬೆಳೆಯುತ್ತಿರುವ ಬಯಲುಸೀಮೆ ಒಂದು. ಬರುವ ಅಧ್ಯಯನಗಳನ್ನು ತಾವೇ ಕೂತು ಓದಿ. ಅವುಗಳಲ್ಲಿ ಸತ್ವವಿಲ್ಲ ಎನಿಸಿದರೆ ಈ ಯೋಚನೆಯನ್ನು ಕೈಬಿಡಿ.

ಇಪ್ಪತ್ತೆರಡು, ಇಪ್ಪತ್ಮೂರರ ಪ್ರಾಯದಲ್ಲಿ ಕೆಲಸಕ್ಕೆ ಸೇರುವ ಶಿಕ್ಷಕಿ ಅರವತ್ತರವರೆಗೆ ಮಕ್ಕಳ ನಡುವೆ ಇರುತ್ತಾಳೆ. ಮಗು ತಪ್ಪಿದಾಗ ‘ಇವನಿಗೆ ಬರುವುದಿಲ್ಲ’ ಎಂದು ಮುಂದೆ ಹೋಗುವ ಅಭ್ಯಾಸವೂ, ‘ಹೇಗೆ ಯೋಚಿಸಿದೆ?’ ಎಂದು ಕೇಳುವ ಅಭ್ಯಾಸವೂ ಬಹುಪಾಲು ಆಕೆಯ ತರಬೇತಿಯ ದಿನಗಳಲ್ಲೇ ಬೇರೂರುತ್ತವೆ. ಅವಳ ಕೈಕೆಳಗೆ ಕಲಿಯುವ ಸಾವಿರಾರು ಮಕ್ಕಳ ಪಾಲಿಗೆ ಈ ಎರಡು ಅಭ್ಯಾಸಗಳ ನಡುವಿನ ಅಂತರ ದೊಡ್ಡದು. ಯಾವ ಅಭ್ಯಾಸ ಬೇರೂರಬೇಕು ಎಂದು ತೀರ್ಮಾನಿಸುವ ಸಮಯ ಈಗ ತಮ್ಮ ಮುಂದಿದೆ. ತಮ್ಮ ಇಲಾಖೆ ಮೊದಲ ಹೆಜ್ಜೆ ಇಟ್ಟರೆ, ನಮ್ಮ ತಾಲ್ಲೂಕಿನ ಯಾವ ಕ್ಲಸ್ಟರಿನಲ್ಲಾದರೂ ಆ ಅಧ್ಯಯನಗಳ ಮೊದಲ ಓದುಗಾರ್ತಿಯಾಗಿ ಕೂರಲು ನಾನು ಸಿದ್ಧಳಿದ್ದೇನೆ. ನನ್ನಂತೆ ಇನ್ನೂ ಅನೇಕರು ಬರುತ್ತಾರೆ ಎಂಬ ನಂಬಿಕೆ ನನಗಿದೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ